ಸಿಮೆಂಟಿನಲ್ಲಿ ಸುಣ್ಣದ ಕಲ್ಲೇ ಇಲ್ವಾ? ಸತ್ಯಾಂಶ ಇಲ್ಲಿದೆ

ಬಾಗಲಕೋಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಂದೇಶ ಓಡಾಡುತ್ತಿದೆ: "ಗೋಳಗುಮ್ಮಟ ಕಟ್ಟಿದ್ದು ಸುಣ್ಣದ ಗಾರೆಯಿಂದ. ಸಿಮೆಂಟ್ ಬರೀ ಕೆಮಿಕಲ್, ಅದಕ್ಕೂ ಸುಣ್ಣಕ್ಕೂ ಸಂಬಂಧವೇ ಇಲ್ಲ."

ಮೊದಲ ಮಾತು ಸರಿ. ಗೋಳಗುಮ್ಮಟ ಕಟ್ಟಿ ಮುಗಿದ 1656ರ ಹೊತ್ತಿಗೆ ಸಿಮೆಂಟ್ ಎಲ್ಲಿತ್ತು? ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅಂದರೆ ಈಗ ನಾವು ಬಳಸುವ ಬಗೆಯ ಸಿಮೆಂಟಿಗೆ, ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಎರಡನೆಯ ಮಾತು ಮಾತ್ರ ತಪ್ಪು. ಸಿಮೆಂಟಿನ ಮುಖ್ಯ ಸರಕೇ ಸುಣ್ಣದ ಕಲ್ಲು. ನಮ್ಮ ಲೋಕಾಪುರ ಕಡೆ ಅದರ ಗಣಿಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ?

ವ್ಯತ್ಯಾಸ ಇರುವುದು ಸುಡುವುದರಲ್ಲಿ. ಕಲ್ಲನ್ನು ಸುಮಾರು 900 ಡಿಗ್ರಿಯಲ್ಲಿ ಸುಟ್ಟರೆ ಸುಣ್ಣ. 100 ಕಿಲೋ ಅಪ್ಪಟ ಕಲ್ಲಿಗೆ 56 ಕಿಲೋ ಸುಣ್ಣ ಉಳಿಯುತ್ತದೆ, ಮಿಕ್ಕಿದ್ದು ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಆ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಚುರ್ರ್ ಎಂದು ಕುದಿದು, ಹಬೆ ಎದ್ದು, ಹಿಟ್ಟಿನಂತೆ ಅರಳುತ್ತದೆ. ಕಣ್ಣಿಗೆ ಹಾರೀತು, ಮಕ್ಕಳನ್ನು ದೂರ ಇಡಿ. ಅದೇ ಕಲ್ಲಿಗೆ ಜೇಡಿಮಣ್ಣು ಸೇರಿಸಿ 1450 ಡಿಗ್ರಿವರೆಗೆ ಕಾಯಿಸಿದರೆ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳಾಗುತ್ತವೆ. ಸ್ವಲ್ಪ ಜಿಪ್ಸಂ ಹಾಕಿ ನುಣ್ಣಗೆ ಅರೆದರೆ ಸಿಮೆಂಟ್.

ಸಾದಾ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಸಿಮೆಂಟ್ ಗಟ್ಟಿಯಾಗುವುದು ನೀರಿನ ಜೊತೆ ಸೇರಿ. ಅದಕ್ಕೇ ಹೊಸ ಸ್ಲ್ಯಾಬಿಗೆ ಕಡಿಮೆ ಎಂದರೂ 7 ದಿನ ನೀರು ನಿಲ್ಲಿಸಬೇಕು. ನಮ್ಮ ಬಿಸಿಲಿಗೆ ಇನ್ನೂ ಜಾಸ್ತಿ ದಿನ ನಿಲ್ಲಿಸಿದರೆ ಒಳ್ಳೆಯದೇ.