‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’

ಅಮೆರಿಕದ ಮೂಲನಿವಾಸಿ ಹೆಣ್ಣುಮಕ್ಕಳು ಕಾಣೆಯಾದ, ಕೊಲೆಯಾದ ಸುದ್ದಿ ಬಂದಾಗೆಲ್ಲ ‘ನಿಗೂಢ’ ಅನ್ನೋ ಪದ ಅಂಟಿಕೊಂಡೇ ಬರುತ್ತೆ. ಆ ಪದ ಕಂಡರೆ ನನಗೆ ರೇಗುತ್ತೆ. ಗಂಡಸರದೂ ಸೇರಿ, ಬಗೆಹರಿಯದೆ ಉಳಿದ ಮೂಲನಿವಾಸಿಗಳ ಇಂಥ ಕೇಸುಗಳು ಸುಮಾರು 4,200 ಅಂತ, ಅವರ ವ್ಯವಹಾರ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಇಲಾಖೆ ಬ್ಯೂರೋ ಆಫ್ ಇಂಡಿಯನ್ ಅಫೇರ್ಸ್ ತಾನೇ ಅಂದಾಜು ಮಾಡಿದೆ. ಅಷ್ಟೂ ನಿಗೂಢವಾ? ಬಹಳಷ್ಟು ಕೇಸು ಯಾವ ಮೇಜಿನ ಮೇಲೆ, ಯಾವ ಕಾರಣಕ್ಕೆ ನಿಂತುಹೋಗುತ್ತೆ ಅಂತ ಬೆರಳಿಟ್ಟು ತೋರಿಸಬಹುದು.

ಮೊದಲು ಒಂದು ಪದದ ವಿಷಯ. ಅಲ್ಲಿ ‘ರಿಸರ್ವೇಶನ್’ ಅಂದರೆ ನಮ್ಮ ಮೀಸಲಾತಿ ಅಲ್ಲ, ಬುಡಕಟ್ಟುಗಳ ಪಾಲಿಗೆ ಉಳಿದ ನೆಲ. ಎಷ್ಟೋ ಕಡೆ ಅವರದೇ ಸರ್ಕಾರ, ಅವರದೇ ಕೋರ್ಟು, ಅವರದೇ ಪೊಲೀಸು. ಹಾಗಿದ್ದ ಮೇಲೆ ತೊಂದರೆ ಏನು ಅಂದರೆ, ಆ ಪೊಲೀಸರ ಕೈಯನ್ನು ಕಾನೂನು ಒಂದೊಂದೇ ಬೆರಳಾಗಿ ಕಟ್ಟಿಹಾಕಿದೆ. 1885ರ ಮೇಜರ್ ಕ್ರೈಮ್ಸ್ ಆಕ್ಟ್ ಕೊಲೆ, ಅತ್ಯಾಚಾರದಂಥ ಅಪರಾಧಗಳನ್ನು ಫೆಡರಲ್ (ಅಂದರೆ ಕೇಂದ್ರ) ಸರ್ಕಾರದ ಕೈಗಿತ್ತಿತು. 1953ರ ಪಬ್ಲಿಕ್ ಲಾ 280 ಕ್ಯಾಲಿಫೋರ್ನಿಯಾ, ಮಿನ್ನೆಸೋಟದಂಥ ಕೆಲವು ರಾಜ್ಯಗಳಲ್ಲಿ ಅದನ್ನೇ ರಾಜ್ಯ ಸರ್ಕಾರಕ್ಕೆ ವರ್ಗಾಯಿಸಿತು, ಅದಕ್ಕೆ ಬೇಕಾದ ದುಡ್ಡು ಮಾತ್ರ ಕೊಡಲಿಲ್ಲ. 1978ರಲ್ಲಿ ಆಲಿಫಂಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮೂಲನಿವಾಸಿಯಲ್ಲದವರ ಮೇಲೆ ಬುಡಕಟ್ಟಿನ ಕೋರ್ಟು ಕ್ರಿಮಿನಲ್ ಕೇಸು ನಡೆಸುವಂತಿಲ್ಲ ಅಂದುಬಿಟ್ಟಿತು. 2022ರ ಇನ್ನೊಂದು ತೀರ್ಪು, ಹೊರಗಿನವರು ಬುಡಕಟ್ಟಿನ ನೆಲದಲ್ಲಿ ಮೂಲನಿವಾಸಿಗಳ ಮೇಲೆ ಎಸಗಿದ ಅಪರಾಧದಲ್ಲಿ ಫೆಡರಲ್ ಸರ್ಕಾರದ ಜೊತೆ ರಾಜ್ಯಕ್ಕೂ ಅಧಿಕಾರ ಇದೆ ಅಂತು. ಇಬ್ಬರದೂ ಅಂತಾದ ಕೆಲಸದ ಗತಿ ಏನಾಗುತ್ತೆ ಅನ್ನೋದು ಯಾವ ಕಚೇರಿಯಲ್ಲಿ ದುಡಿದವರಿಗೂ ಗೊತ್ತು.

ಒಂದು ಅಪರಾಧ ಯಾರ ವ್ಯಾಪ್ತಿಗೆ ಬರುತ್ತೆ ಅಂತ ತೀರ್ಮಾನಿಸೋಕೆ ನಾಲ್ಕು ಪ್ರಶ್ನೆಗೆ ಉತ್ತರ ಬೇಕು. ಎಲ್ಲಿ ನಡೆಯಿತು? ಸಂತ್ರಸ್ತೆ ಮೂಲನಿವಾಸಿಯಾ? ಆರೋಪಿ ಮೂಲನಿವಾಸಿಯಾ? ಅಪರಾಧ ಯಾವುದು? ಹೆಣ್ಣುಮಗಳೊಬ್ಬಳು ರಾತ್ರಿ ಮನೆಗೆ ಬರಲಿಲ್ಲ ಅಂದಾಗ ಇದರಲ್ಲಿ ಎರಡನೆಯದಕ್ಕೆ ಮಾತ್ರ ಉತ್ತರ ಗೊತ್ತಿರುತ್ತೆ. ಉಳಿದ ಮೂರು ತನಿಖೆಯಿಂದ ಗೊತ್ತಾಗಬೇಕು, ಆ ಮೂರು ಗೊತ್ತಾಗುವ ತನಕ ತನಿಖೆ ಯಾರದು ಅನ್ನೋದು ಇತ್ಯರ್ಥ ಆಗಲ್ಲ. ಶೆರಿಫ್ ಕಚೇರಿ (ಕೌಂಟಿಯ, ಅಂದರೆ ಜಿಲ್ಲೆಯಂಥ ಪ್ರದೇಶದ ಪೊಲೀಸು) ಬುಡಕಟ್ಟು ಪೊಲೀಸರ ಕಡೆ, ಅವರು ಫೆಡರಲ್ ತನಿಖಾ ಸಂಸ್ಥೆ ಎಫ್‌ಬಿಐ ಕಡೆ ಕೈ ತೋರಿಸ್ತಾರೆ. ಅಪರಾಧ ನಡೆದಿದೆ ಅನ್ನೋದಕ್ಕೆ ಆಧಾರ ಎಲ್ಲಿ ಅಂತ ಎಫ್‌ಬಿಐ ಕೇಳುತ್ತೆ. ಫೋನು ಕೊನೆಗೆ ಯಾವ ಟವರಿನಲ್ಲಿತ್ತು, ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಏನಿತ್ತು ಅನ್ನೋದನ್ನೆಲ್ಲ ಮೊದಲ ಎರಡು ಮೂರು ದಿನದಲ್ಲೇ ಹಿಡಿಯಬೇಕು. ಕ್ಯಾಮೆರಾದ ಹಳೆಯ ದೃಶ್ಯದ ಮೇಲೆ ಹೊಸದು ತಾನಾಗೇ ಬರೆದುಕೊಳ್ಳುತ್ತೆ, ವ್ಯಾಪ್ತಿಯ ಜಗಳ ಮುಗಿಯಲಿ ಅಂತ ಕಾಯಲ್ಲ. (ನಮ್ಮಲ್ಲಿ ಝೀರೋ ಎಫ್‌ಐಆರ್ ಅಂತ ಒಂದಿದೆ: ಯಾವ ಠಾಣೆಗೆ ಹೋದರೂ ದೂರು ಬರೆದುಕೊಂಡು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಪಾಲನೆ ಹೇಗಿದೆ ಅನ್ನೋದು ಬೇರೆ ಮಾತು, ನಿಯಮವಂತೂ ಇದೆ.)

ಜೊತೆಗೆ ನೆಲದ ವಿಸ್ತಾರ. ಅರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಮೂರೂ ರಾಜ್ಯಕ್ಕೆ ಹರಡಿದ ನವಾಹೋ ನೇಷನ್ ಸುಮಾರು 70,000 ಚದರ ಕಿಲೋಮೀಟರ್. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಪೊಲೀಸರು ಹೆಚ್ಚುಕಡಿಮೆ 200.

ಇನ್ನು ಲೆಕ್ಕಕ್ಕೆ ಬರೋಣ. 2016ರಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳು ಕಾಣೆಯಾದ 5,712 ದೂರುಗಳು ಎಫ್‌ಬಿಐನ ಎನ್‌ಸಿಐಸಿ ಅನ್ನೋ ರಾಷ್ಟ್ರೀಯ ಅಪರಾಧ ಮಾಹಿತಿ ಕಡತದಲ್ಲಿದ್ದವು, ನ್ಯಾಯ ಇಲಾಖೆಯ ನಾಮಸ್ ಕಡತದಲ್ಲಿದ್ದದ್ದು 116. ಸಿಯಾಟಲ್‌ನ ಅರ್ಬನ್ ಇಂಡಿಯನ್ ಹೆಲ್ತ್ ಇನ್‌ಸ್ಟಿಟ್ಯೂಟ್ 2018ರಲ್ಲಿ ಈ ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟಿತು. ಅಲ್ಲಿಂದ ಇದು ಪೋಸ್ಟರ್ ಮೇಲೆ ಪೋಸ್ಟರ್ ಆಗಿ ಓಡಾಡ್ತಿದೆ, ಮಿಕ್ಕವರೆಲ್ಲ ಗಾಳಿಗೆ ಹೋದರು ಅನ್ನೋ ಹಾಗೆ. ಅದು ಸರಿಯಲ್ಲ. ಎನ್‌ಸಿಐಸಿಯಲ್ಲಿ ಮನೆ ಬಿಟ್ಟು ಹೋಗಿ ನಾಲ್ಕು ದಿನಕ್ಕೆ ವಾಪಸಾದವರೂ ಸೇರಿರುತ್ತಾರೆ. ನಾಮಸ್ ಇರೋದು ಬಹುಕಾಲ ಸಿಗದವರಿಗೆ ಮತ್ತು ಗುರುತು ಸಿಗದ ಶವಗಳಿಗೆ, ಅದಕ್ಕೆ ಹಾಕಲೇಬೇಕು ಅಂತ ಹೆಚ್ಚಿನ ರಾಜ್ಯಗಳಲ್ಲಿ ಕಡ್ಡಾಯ ಇಲ್ಲ. ನಿಜವಾದ ಅಂತರ ಎಷ್ಟು ಅಂತ ಯಾರಿಗೂ ಹೇಳೋಕೆ ಬಾರದ ಹಾಗೆ ಕಡತ ಇಟ್ಟಿದ್ದಾರಲ್ಲ, ಆರೋಪ ಅಲ್ಲಿ ಹೊರಿಸಬೇಕು.

ಎನ್‌ಸಿಐಸಿಗೆ ಸೇರಿಸೋದರಲ್ಲೂ ವಯಸ್ಸಿನ ಗೆರೆ ಇದೆ. 21 ತುಂಬದವರಾದರೆ ಫೆಡರಲ್ ಕಾನೂನು ಪ್ರಕಾರ ಹೆಸರು ಹಾಕಲೇಬೇಕು. 21 ದಾಟಿದರೆ ಆ ಕಟ್ಟಳೆ ಇಲ್ಲ. ‘ಕುಡಿಯೋಕೆ ಹೋಗಿರಬೇಕು, ಬರ್ತಾಳೆ ಬಿಡಿ’ ಅನ್ನೋ ಉದಾಸೀನಕ್ಕೆ ಜಾಗ ಸಿಗೋದು ಇಲ್ಲೇ.

ಆಮೇಲೆ ಜನಾಂಗದ ಕಾಲಂ. ಎಷ್ಟೋ ಕಡೆ ಪೊಲೀಸ್ ಮುಖ ನೋಡಿ ಬಿಳಿಯಳು ಅಂತಲೋ ಹಿಸ್ಪಾನಿಕ್ ಅಂತಲೋ ಬರೆದುಕೊಳ್ತಾನೆ, ಮನೆಯವರನ್ನು ಕೇಳಲ್ಲ. ಸಿಯಾಟಲ್‌ನ ಅದೇ ಸಂಸ್ಥೆ 71 ನಗರಗಳ ಪೊಲೀಸ್ ದಾಖಲೆ ಕೇಳಿದಾಗ ಕೆಲವು ಇಲಾಖೆಗಳು ‘ಇಂಡಿಯನ್’ (ಅಲ್ಲಿ ಮೂಲನಿವಾಸಿಗೂ ಇದೇ ಪದ) ಅಂತ ಕಳಿಸಿದ ಪಟ್ಟಿಯಲ್ಲಿ ಸಿಂಗ್ ಅನ್ನೋ ಅಡ್ಡಹೆಸರಿನ ಭಾರತೀಯ ಮೂಲದವರೂ ಇದ್ದರು! ಇನ್ನೊಂದು ಕಡೆ, ಸಂಸ್ಥೆ ತಾನೇ ಹುಡುಕಿ ತೆಗೆದ 506 ಪ್ರಕರಣಗಳಲ್ಲಿ 153 ಪೊಲೀಸರ ದಾಖಲೆಯಲ್ಲೇ ಇರಲಿಲ್ಲ.

ಶವ ಸಿಕ್ಕರೂ ದಾರಿ ಸುಗಮ ಅಲ್ಲ. ಗುರುತು ಹಿಡಿಯೋಕೆ ಹಲ್ಲಿನ ಎಕ್ಸ್‌ರೇ, ಬೆರಳಚ್ಚು ಅಥವಾ ಡಿಎನ್‌ಎ ಬೇಕು. ಡಿಎನ್‌ಎಗೆ ತಾಯಿ, ತಂದೆ ಅಥವಾ ಮಕ್ಕಳ ಕೆನ್ನೆಯ ಒಳಗಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿಕೊಂಡರೆ ಸಾಕು, ಖರ್ಚನ್ನು ನಾಮಸ್ ನೋಡಿಕೊಳ್ಳುತ್ತೆ. ಆದರೆ ಅದು ರಾಷ್ಟ್ರೀಯ ಡಿಎನ್‌ಎ ಕಡತಕ್ಕೆ ಸೇರಬೇಕಾದರೆ ಪೊಲೀಸರ ಮೂಲಕವೇ ಹೋಗಬೇಕು, ನಾಮಸ್‌ನಲ್ಲಿ ಮನೆಯವರೇ ತೆರೆದ ಪ್ರಕರಣವನ್ನೂ ಪೊಲೀಸರೇ ದೃಢೀಕರಿಸಬೇಕು. ದೂರೇ ಬರೆದುಕೊಳ್ಳದವರು ಕಡ್ಡಿ ಹಿಡಿದು ಬರ್ತಾರಾ? ಹೀಗೆ ಮಗಳ ಶವ ಪಕ್ಕದ ಕೌಂಟಿಯಲ್ಲಿ ‘ಗುರುತು ಸಿಗದ ಮಹಿಳೆ’ ಅಂತ ಬಿದ್ದಿರುತ್ತೆ, ತಾಯಿಯ ಮಾದರಿಯನ್ನು ಯಾರೂ ತೆಗೆದುಕೊಂಡಿರಲ್ಲ.

ಸಾವಿನ ಕಾರಣ ಬರೆಯೋದು ಕರೋನರ್. ಮೊಂಟಾನದಲ್ಲಿ ಇದು ಚುನಾವಣೆಯಿಂದ ತುಂಬುವ ಹುದ್ದೆ, ವೈದ್ಯನೇ ಆಗಿರಬೇಕು ಅಂತಿಲ್ಲ. ಅವನು ‘ಚಳಿಗೆ ಸಿಕ್ಕಿ ಸಾವು’ ಅಂತಲೋ ‘ಕಾರಣ ನಿರ್ಧರಿಸಲಾಗಿಲ್ಲ’ ಅಂತಲೋ ಬರೆದರೆ ಕೊಲೆ ತನಿಖೆ ಶುರುವಾಗೋದೇ ಕಷ್ಟ. ಆ ರಾಜ್ಯದಲ್ಲಿ ಮೂಲನಿವಾಸಿಗಳು ಜನಸಂಖ್ಯೆಯ 6.7%, ಕಾಣೆಯಾದವರ ದಾಖಲೆಯಲ್ಲಿ ನಾಲ್ಕನೇ ಒಂದು ಭಾಗ.

ಇಷ್ಟೆಲ್ಲ ದಾಟಿ ಫೆಡರಲ್ ವಕೀಲರ ಮೇಜು ತಲುಪಿದ ಮೇಲೂ 2005ರಿಂದ 2009ರ ನಡುವೆ ಬುಡಕಟ್ಟು ನೆಲದ ಪ್ರಕರಣಗಳಲ್ಲಿ ಅರ್ಧದಷ್ಟನ್ನು ಕೋರ್ಟಿಗೆ ಒಯ್ಯದೆ ಕೈಬಿಟ್ಟರು. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ 67%. ಇದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರದೇ ಅಂಕಿ. ಮುಖ್ಯ ಕಾರಣ ಸಾಕ್ಷ್ಯ ಸಾಲದು ಅನ್ನೋದು. ಸಾಕ್ಷ್ಯ ಯಾಕೆ ಸಾಲಲಿಲ್ಲ ಅಂತ ಮೇಲೆಯೇ ಹೇಳಿದ್ದೇನೆ.

2020ರ ಅಕ್ಟೋಬರಿನಲ್ಲಿ ಎರಡು ಕಾಯ್ದೆ ಬಂದವು. ನಾರ್ತ್ ಡಕೋಟ ರಾಜ್ಯದ ಫಾರ್ಗೋದಲ್ಲಿ 2017ರಲ್ಲಿ ಕೊಲೆಯಾದ ಮೂಲನಿವಾಸಿ ಯುವತಿಯ ಹೆಸರಿನ ಸವಾನಾ ಕಾಯ್ದೆ ತನಿಖೆಗೆ ಮಾರ್ಗಸೂಚಿ ಮಾಡಿ ಅಂತು. ನಾಟ್ ಇನ್ವಿಸಿಬಲ್ ಕಾಯ್ದೆ ಆಯೋಗ ರಚಿಸಿ ಅಂತು. ಆಯೋಗಕ್ಕೆ ಸದಸ್ಯರನ್ನು ನೇಮಿಸುವ ಗಡುವೇ ದಾಟಿಹೋಯಿತು, ವರದಿ ಬಂದದ್ದು 2023ರ ನವೆಂಬರಿನಲ್ಲಿ. ವಾಷಿಂಗ್ಟನ್ ರಾಜ್ಯ 2022ರಲ್ಲಿ ತಂದ ಮೂಲನಿವಾಸಿ ನಾಪತ್ತೆ ಅಲರ್ಟ್ ಮಾತ್ರ ನನಗೆ ಕೆಲಸಕ್ಕೆ ಬರುವಂಥದ್ದು ಅನ್ನಿಸುತ್ತೆ, ಯಾಕೆಂದರೆ ಅದು ವ್ಯಾಪ್ತಿ ಇತ್ಯರ್ಥವಾಗಲಿ ಅಂತ ಕಾಯದೆ ಮೊದಲ ದಿನವೇ ಸುದ್ದಿ ಹರಡಬಲ್ಲದು.

ನನ್ನ ಮಟ್ಟಿಗೆ ಗಂಟು ಇರೋದು ಆಲಿಫಂಟ್ ತೀರ್ಪಿನಲ್ಲಿ. ಅದನ್ನು ಸಡಿಲಿಸೋ ಅಧಿಕಾರ ಅಮೆರಿಕದ ಸಂಸತ್ತಿಗಿದೆ, ಸಡಿಲಿಸಿದೆ ಕೂಡ, ಚೂರು ಚೂರೇ. 2013ರಲ್ಲಿ ಮನೆಯೊಳಗಿನ ಹಿಂಸೆಗೆ, 2022ರಲ್ಲಿ ಲೈಂಗಿಕ ಹಿಂಸೆ, ಮಕ್ಕಳ ಮೇಲಿನ ಹಿಂಸೆ, ಬೆನ್ನುಬೀಳೋದು, ಲೈಂಗಿಕ ಶೋಷಣೆಗಾಗಿ ಮಾನವ ಸಾಗಣೆ ಸೇರಿ ಒಟ್ಟು ಒಂಬತ್ತು ಬಗೆಯ ಅಪರಾಧಕ್ಕೆ ಹೊರಗಿನವರನ್ನು ಬುಡಕಟ್ಟಿನ ಕೋರ್ಟು ವಿಚಾರಿಸಬಹುದು. ಒಂದು ಅಪರಾಧಕ್ಕೆ ಕೊಡಬಹುದಾದ ಶಿಕ್ಷೆ ಹೆಚ್ಚೆಂದರೆ 3 ವರ್ಷ. ಆ ಒಂಬತ್ತರ ಪಟ್ಟಿಯಲ್ಲಿ ಕೊಲೆ ಇಲ್ಲ.