ಕಲ್ಲು ಇದ್ದವರಿಗೆ ಮಾತ್ರ ಜಾಗವಾ?

ಮೂರು ವಾರದಿಂದ ರಾತ್ರಿ ಊಟ ಆದಮೇಲೆ ನಾನು ಇರಾಕಿನಲ್ಲಿ ಇರುತ್ತೇನೆ. ಗಾಬರಿ ಬೇಡ, ಕೂತಿರುವುದು ಬೆಂಗಳೂರಿನ ಮನೆಯಲ್ಲೇ. ಒಂದು ಹಳೇ ವಾಯುನೆಲೆಯ ನಕ್ಷೆ ಬರೆಯುತ್ತಿದ್ದೇನೆ. ಹೆಸರು ಹಬ್ಬಾನಿಯಾ. ಬಾಗ್ದಾದ್‌ನಿಂದ ಪಶ್ಚಿಮಕ್ಕೆ ಸುಮಾರು 90 ಕಿ.ಮೀ., ಯೂಫ್ರೆಟಿಸ್ ನದಿಯ ದಡ. ಬ್ರಿಟಿಷ್ ವಾಯುಪಡೆ 1936ರಿಂದ 1959ರವರೆಗೆ ಅಲ್ಲಿತ್ತು. ಮೊದಲ ಹೆಸರು ಧಿಬ್ಬಾನ್. 1938ರಲ್ಲಿ ಬದಲಾಯಿಸಿದರು.

ತಮಾಷೆ ಅಂದ್ರೆ, ಧಿಬ್ಬಾನಿನ ಪಕ್ಕ ನಿಜಕ್ಕೂ ಒಂದು ದಿಬ್ಬ ಇದೆ. ನೆಲೆಗೂ ದೊಡ್ಡ ಕೆರೆಗೂ ನಡುವೆ. 1941ರ ಏಪ್ರಿಲ್ 30ಕ್ಕೆ ಬ್ರಿಟಿಷರ ವಿರುದ್ಧ ನಿಂತ ಇರಾಕಿ ಸೇನೆ ಫಿರಂಗಿ ತಂದು ಅದರ ಮೇಲೆ ಕೂತಿತು. ಕೆಳಗೆ ಇದ್ದದ್ದು ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಾಲೆ. ಇದ್ದ ವಿಮಾನಗಳಲ್ಲಿ ಹೆಚ್ಚಿನವು ಹಳೇ ಆಡಾಕ್ಸ್, ಗಾರ್ಡನ್, ತರಬೇತಿಯ ಆಕ್ಸ್‌ಫರ್ಡ್. ಬ್ರಿಟಿಷರು ಅವಕ್ಕೇ ಬಾಂಬ್ ಕಟ್ಟಿದರು. ಮುಖ್ಯ ವಿಮಾನ ಮೈದಾನ ಬೇಲಿಯ ಆಚೆ, ದಿಬ್ಬದ ಕಣ್ಣೆದುರಿಗೇ. ಹಾಗಾಗಿ ಬೇಲಿ ಒಳಗಿನ ಪೋಲೊ ಮೈದಾನ, ಗಾಲ್ಫ್ ಮೈದಾನದಿಂದಲೂ ವಿಮಾನ ಏರಿಸಿದರು. ಮೇ 2ರ ನಸುಕಿಗೆ ಜಗಳ ಶುರುವಾಯಿತು, ಮೇ 6ರಂದು ಇರಾಕಿ ಸೇನೆ ದಿಬ್ಬ ಖಾಲಿ ಮಾಡಿತ್ತು.

ಈಗ ಹೇಳಿ, ಆ ಪೋಲೊ ಮೈದಾನಕ್ಕೆ ನಕ್ಷೆಯಲ್ಲಿ ಏನಂತ ಬರೆಯಲಿ? ಆಟದ ಬಯಲು ಅಂತಲೋ, ರನ್‌ವೇ ಅಂತಲೋ?

ಅದೇ ನೆಲೆಯ ಸ್ಮಶಾನದ್ದು ಈ ಗೋಳಿಲ್ಲ. ಹತ್ತು ನಿಮಿಷದ ಕೆಲಸ. ಸುಮಾರು 290 ಸಮಾಧಿಗಳು. ಯುದ್ಧ ಸ್ಮಶಾನ ಅಂತ ಹೆಸರೇ ಹೊರತು ಎಲ್ಲರೂ ಯುದ್ಧದಲ್ಲಿ ಸತ್ತವರಲ್ಲ. ಯುದ್ಧ ಮುಗಿದ ಮೇಲೆ ತೀರಿಕೊಂಡವರಿದ್ದಾರೆ, ಹೆಂಗಸರು ಮಕ್ಕಳೂ ಇದ್ದಾರೆ. ಸಾಲು, ನಂಬರ್, ಹೆಸರು, ಎಲ್ಲ ದಾಖಲೆ ಇದೆ.

ನಾನು ಸಿಕ್ಕಿಹಾಕಿಕೊಂಡದ್ದು ಬೇರೆ ಕಡೆ. ಆ ನೆಲೆಗೆ ಅಂಟಿಕೊಂಡೇ ಕೆಲಸದವರ ವಸತಿ ಇತ್ತು. ಕಾವಲಿಗೆ ಇದ್ದ ಅಸಿರಿಯನ್ (ಆ ಕಡೆಯ ಒಂದು ಕ್ರೈಸ್ತ ಸಮುದಾಯ) ಸೈನಿಕರ ಕುಟುಂಬಗಳು, ಅರಬ್ಬರು, ಕುರ್ದರು, ಭಾರತದಿಂದ ಹೋದವರು. ನಮ್ಮ ಬೆಂಗಳೂರು ದಂಡು ಇದ್ದ ಹಾಗೇ. ಇತ್ತ ಪೆರೇಡ್ ಮೈದಾನ, ಅತ್ತ ಸ್ಥಳೀಯರು ಇದ್ದ ಬ್ಲಾಕ್‌ಪಲ್ಲಿ. ನನಗೆ ಸಿಕ್ಕ ಹಳೇ ನಕ್ಷೆಯಲ್ಲಿ ಸಾಹೇಬರ ಈಜುಕೊಳ, ಸಿನಿಮಾ ಮಂದಿರ, ಕುದುರೆ ಲಾಯ ಎಲ್ಲಕ್ಕೂ ಹೆಸರಿದೆ. ಈ ವಸತಿ ಮಾತ್ರ ಸುಮ್ನೆ ಒಂದು ಚೌಕ.

'ಮ್ಯಾಪ್ ಅಂದ್ರೆ ಇವತ್ತು ನೆಲದ ಮೇಲೆ ಇರೋದನ್ನ ಬರೆಯೋದು ಮಾರಾಯ' ಅಂತ ಗೆಳೆಯನೊಬ್ಬ ವಾದ ಮಾಡಿದ. ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಯಮವೂ ಹೆಚ್ಚುಕಡಿಮೆ ಅದೇ, ಒಪ್ಪಿದೆ. ಆದರೆ ನೆಲದ ಮೇಲೆ ಏನು ಉಳಿಯಬೇಕು ಅಂತ ಯಾರೋ ಮೊದಲೇ ತೀರ್ಮಾನ ಮಾಡಿರುತ್ತಾರೆ, ಅಲ್ವಾ? ಅದೇ ಇರಾಕಿನ ಬಸ್ರಾ ಸ್ಮಾರಕ ನೋಡಿ. ಮೊದಲ ಮಹಾಯುದ್ಧದಲ್ಲಿ ಅಲ್ಲಿ ಸತ್ತು, ಸಮಾಧಿ ಇಲ್ಲದೆ ಹೋದ 40 ಸಾವಿರಕ್ಕೂ ಜಾಸ್ತಿ ಜನರದ್ದು. ಬ್ರಿಟಿಷರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳದ್ದೂ ಕೆತ್ತಿದರು. ಉಳಿದ ಭಾರತೀಯ ಸಿಪಾಯಿಗಳಿಗೆ ರೆಜಿಮೆಂಟಿನ ಹೆಸರು, ಮುಂದೆ ಒಂದು ಸಂಖ್ಯೆ. ಇಷ್ಟು ಮಂದಿ, ಅಷ್ಟೇ. ಈ ತಾರತಮ್ಯಕ್ಕೆ, ಇಂಥ ಸಮಾಧಿ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ. ಸದ್ದಾಂ ಹುಸೇನನ ಆದೇಶದಂತೆ ಆ ಸ್ಮಾರಕವನ್ನೇ 1997ರಲ್ಲಿ ಕಿತ್ತು ನಾಸಿರಿಯಾ ರಸ್ತೆಯಲ್ಲಿ ದೂರ ನಿಲ್ಲಿಸಿದರು. ಕಲ್ಲಾದರೆ ಲಾರಿಯಲ್ಲಿ ಹೋಗಿ ಇನ್ನೊಂದು ಕಡೆ ನಿಂತು ನಕ್ಷೆಯಲ್ಲಿ ಜಾಗ ಪಡೆಯುತ್ತದೆ. ಸತ್ತಮೇಲೆ ಸುಟ್ಟು, ಬೂದಿಯಾಗಿ ಹೊಳೆ ಸೇರಿದವರಿಗೆ ಎಲ್ಲಿಂದ ಜಾಗ?

ಅದಕ್ಕೇ ಕೆಲಸದವರ ವಸತಿಯ ಆ ಚೌಕವನ್ನು ಹಳೇ ಕಾಲದ ಜಾಗಗಳಿಗೇ ಇರುವ ಆನ್‌ಲೈನ್ ನಕ್ಷೆ ಓಪನ್‌ಹಿಸ್ಟಾರಿಕಲ್‌ಮ್ಯಾಪ್‌ಗೆ ಹಾಕುತ್ತಿದ್ದೇನೆ. ಅಲ್ಲಿ ಶುರುವಾದ ವರ್ಷ, ಮುಗಿದ ವರ್ಷ ಎರಡೂ ಬರೆಯಬಹುದು. ಇವತ್ತಿನ ಸೇನೆಯ ಕಟ್ಟಡಗಳ ತಂಟೆಗೆ ಹೋಗಿಲ್ಲ, ಹೋಗುವುದೂ ಇಲ್ಲ.

ನಿಮ್ಮ ಮನೆಯಲ್ಲಿ ತಾತನೋ ಮುತ್ತಾತನೋ ಇರಾಕಿಗೆ ಹೋಗಿದ್ದ ಮಾತಿದ್ದರೆ ಟ್ರಂಕು ತೆಗೆದು ನೋಡಿ. ಫೋಟೊದ ಹಿಂದೆ ಹಬ್ಬಾನಿಯಾ ಅಂತಲೋ ಧಿಬ್ಬಾನ್ ಅಂತಲೋ ಬರೆದಿದ್ದರೆ ಕೆಳಗೆ ತಿಳಿಸಿ. ಯಾವ ಬೀದಿ, ಯಾವ ಮನೆ ಅಂತ ಗೊತ್ತಾದರೆ ಇನ್ನೂ ಒಳ್ಳೆಯದು.