ನಮ್ಮ ಕಲ್ಲುಗುಡ್ಡಗಳಿಗೂ ಬಂಡೆ ಕುಸಿತದ ಅಧ್ಯಯನ ಬೇಕೇ?

ಪರ

ಕೊಪ್ಪಳ ಜಿಲ್ಲೆಯ ಆನೆಗೊಂದಿಯಿಂದ ಅಂಜನಾದ್ರಿ ಬೆಟ್ಟದ ಕಡೆ ಹೊರಟರೆ ಗುಂಡುಕಲ್ಲಿನ ಮೇಲೆ ಗುಂಡುಕಲ್ಲು ಕೂತಿರುವುದು ಕಾಣುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಇದು. ನೆಲದೊಳಗೆ ಇದ್ದಾಗಲೇ ಸೀಳುಗಳಲ್ಲಿ ನೀರಿಳಿದು ಕಲ್ಲಿನ ಅಂಚು ಗರಸಾಯಿತು, ಅಂದರೆ ಪುಡಿಯಾಗಿ ಸಡಿಲ ಮಣ್ಣಿನಂತಾಯಿತು. ಗರಸು ಕೊಚ್ಚಿಹೋಗಿ ಗಟ್ಟಿ ಗುಂಡುಗಳು ಉಳಿದವು. ಆ ಕೆಲಸ ಇನ್ನೂ ನಿಂತಿಲ್ಲ. ಮಳೆ ಬಂದಾಗಲೆಲ್ಲ ಗುಂಡಿನ ಬುಡದ ಗರಸು ಚೂರುಚೂರೇ ಜಾರುತ್ತದೆ. ಬಿರುಕಿನಲ್ಲಿ ಅರಳಿಯ ಬೇರು ಇಳಿಯುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಬಿಸಿಲಿನದು. ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಮಳೆ, ಭೂಕಂಪ ಏನೂ ಇಲ್ಲದ ದಿನವೂ ಗ್ರಾನೈಟ್ ಕಳಚಿ ಬೀಳುತ್ತಿತ್ತು. ಬ್ರಯಾನ್ ಕಾಲಿನ್ಸ್ ಮತ್ತು ಗ್ರೆಗ್ ಸ್ಟಾಕ್ ಎಂಬ ವಿಜ್ಞಾನಿಗಳು ಒಂದು ಕಲ್ಲುಪದರದ ಹಿಂದಿನ ಬಿರುಕಿಗೆ ಮಾಪಕ ಕೂರಿಸಿ ಮೂರೂವರೆ ವರ್ಷ ಅಳೆದರು. ಫಲಿತಾಂಶ 2016ರಲ್ಲಿ ಬಂತು. ಬಿಸಿಲೇರಿದಾಗ ಬಿರುಕು ಅಗಲವಾಗುತ್ತದೆ, ರಾತ್ರಿ ತಂಪಿಗೆ ಕಿರಿದಾಗುತ್ತದೆ. ಅದೂ ಒಂದೇ ದಿನದಲ್ಲಿ 1 ಸೆಂ.ಮೀ. ತನಕ! ದಿನಾ ಹೀಗೆ ಆಡಿ ಆಡಿ ಸೀಳು ಮುಂದಕ್ಕೆ ಹೋಗುತ್ತದೆ. ಬೆಂಕಿ ಹಾಕಿ ಬಂಡೆಯ ಪದರ ಎಬ್ಬಿಸುತ್ತಿದ್ದ ನಮ್ಮ ಕಲ್ಲುಕೆಲಸದವರಿಗೆ, ಕಾವಿಗೆ ಕಲ್ಲು ಬಿಡುತ್ತದೆ ಅನ್ನೋದು ಮೊದಲೇ ಗೊತ್ತಿತ್ತು.

ಹಾಗಾದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಈ ಬಂಡೆಗಳು ಎಷ್ಟು ಆಡುತ್ತವೆ? ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರ ಪಕ್ಕದಲ್ಲೇ ಬಂಡೆಗಳಿವೆ. ಬಳ್ಳಾರಿ ಕೋಟೆ ಗುಡ್ಡದ ಸುತ್ತ ಊರೇ ಬೆಳೆದಿದೆ. ಸುಮ್ನೆ ನೋಡಿ ಹೇಳುವ ವಿಷಯ ಇದಲ್ಲ, ಅಳೆಯಬೇಕು. ಎಲ್ಲ ಗುಡ್ಡಕ್ಕೂ ಬೇಡ, ಜನ ಓಡಾಡುವ ನಾಲ್ಕೈದು ಕಡೆ ಮಾಪಕ ಇಟ್ಟರೂ ಸಾಕು.

ವಿರೋಧ

ಬಂಡೆಗೆ ಮಾಪಕ ಇಡುವ ಮೊದಲು ಮಲೆನಾಡಿನ ಕಡೆ ನೋಡಿ. 2018ರಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲಾದ ಶಿರೂರು, ಎರಡೇ ವಾರಕ್ಕೆ ಪಕ್ಕದ ವಯನಾಡು. ಅಲ್ಲಿ ದಪ್ಪ ಮಣ್ಣಿನ ಇಳಿಜಾರು. ಭಾರಿ ಮಳೆಗೆ ಮಣ್ಣಿನೊಳಗೆ ನೀರು ತುಂಬಿ, ಹಿಡಿತ ಸಡಿಲಾಗಿ ಗುಡ್ಡವೇ ಜಾರುತ್ತದೆ. ಕೊಪ್ಪಳದಲ್ಲಿ ಬೀಳುವುದು ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ವಿಜ್ಞಾನಿಗಳೂ ಹಣವೂ ಕಡಿಮೆ ಇರುವಾಗ ಮೊದಲು ಯಾರಿಗೆ ಕೊಡಬೇಕು, ಹೇಳಿ.

ಯೊಸೆಮಿಟಿಯ ಲೆಕ್ಕವನ್ನು ಹಾಗೇ ಇಲ್ಲಿಗೆ ತರುವುದೂ ಸರಿಯಲ್ಲ. ಅಲ್ಲಿ ಅಳೆದದ್ದು ಕಡಿದಾದ ಗೋಡೆಗೆ ಅಂಟಿದ್ದ 19 ಮೀಟರ್ ಎತ್ತರದ ತೆಳು ಪದರ. ಇಲ್ಲಿ ಹೆಚ್ಚಾಗಿ ಇರುವುದು ದುಂಡನೆಯ ಗುಂಡುಗಳು. ಇಲ್ಲೇ ಹತ್ತಿರದ ಹಿರೇಬೆಣಕಲ್‌ ಗುಡ್ಡದ ಮೇಲೆ ಹಳೆಯ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲುಮನೆಗಳು 2,000 ವರ್ಷ ದಾಟಿಯೂ ಎಷ್ಟೋ ನಿಂತಿವೆ, ಅದೇ ಬಿಸಿಲಿನಲ್ಲಿ.

ನನ್ನ ನಿಜವಾದ ಭಯ ಬೇರೆ. ಒಂದು ಬಂಡೆಗೆ ‘ಅಪಾಯ’ ಅಂತ ಗುರುತು ಬಿದ್ದರೆ ಮುಂದೆ ಅದನ್ನು ಒಡೆಯುವ ಮಾತು ಬರುತ್ತದೆ. ಆನೆಗೊಂದಿಯ ಬಂಡೆಗಳಲ್ಲಿ ಆದಿಮಾನವರ ಚಿತ್ರಗಳಿವೆ, ಒಮ್ಮೆ ಒಡೆದರೆ ಮತ್ತೆ ಸಿಗುವುದಿಲ್ಲ. ಇನ್ನೊಂದು ಕಡೆ, ಕಲ್ಲು ಕ್ವಾರಿಯ ಬ್ಲಾಸ್ಟಿಂಗ್‌ಗೆ ಬಂಡೆ ಸಡಿಲಾಗಬಹುದು ಅನ್ನೋದು ಈಗಲೇ ಎಲ್ಲರಿಗೂ ಗೊತ್ತು. ಅಧ್ಯಯನ ಶುರುವಾದರೆ ‘ವರದಿ ಬರಲಿ, ಆಮೇಲೆ ನೋಡೋಣ’ ಅನ್ನುತ್ತಾರೆ. ಅಷ್ಟರಲ್ಲಿ ಗುಡ್ಡ ಅರ್ಧ ಖಾಲಿ. ಗುಡ್ಡದ ಹತ್ತಿರ ಸಿಡಿಮದ್ದು ನಿಲ್ಲಿಸಿ, ಬುಡದ ಗರಸು ಅಗೆಯುವುದನ್ನು ತಡೆಯಿರಿ, ಮಳೆನೀರಿಗೆ ಬೇರೆ ದಾರಿ ಮಾಡಿ. ಇದನ್ನೆಲ್ಲ ಈ ಬೇಸಿಗೆಯಲ್ಲೇ ಮಾಡಬಹುದು.